ಎಣಿಸುವವರು ಮಗುವೋ ಯಂತ್ರವೋ: ಎಣಿಕೆ ಮತ್ತು ಆಕೃತಿಗಳ ಡಿಜಿಟಲ್ ಚಟುವಟಿಕೆಗಳ ಕುರಿತು ಟಿಪ್ಪಣಿ

ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಎಣಿಕೆ ಮತ್ತು ಆಕೃತಿಗಳನ್ನು ಕಲಿಸಲು ಮೊಬೈಲ್, ಟ್ಯಾಬ್ ಮತ್ತು ಸ್ಮಾರ್ಟ್ ಬೋರ್ಡುಗಳಲ್ಲಿ ಬಳಸಬಹುದಾದ ಚಟುವಟಿಕೆಗಳು ಇಂದು ಬೇಕಾದಷ್ಟು ಸಿಗುತ್ತವೆ. ಬಣ್ಣ, ಸಂಗೀತ, ಚಪ್ಪಾಳೆಗಳಿಂದ ಅವು ಮಗುವಿನ ಗಮನವನ್ನು ಸುಲಭವಾಗಿ ಸೆಳೆಯುತ್ತವೆ. ಆದರೆ ಶಿಕ್ಷಕ ತರಬೇತಿಯಲ್ಲಿರುವ ನಾವು ಪ್ರತಿ ಚಟುವಟಿಕೆಯ ಮುಂದೆಯೂ ಇಡಬೇಕಾದ ಪ್ರಶ್ನೆ ಬೇರೆ: ಇಲ್ಲಿ ಎಣಿಸುತ್ತಿರುವವರು ಯಾರು, ಮಗುವೋ ಯಂತ್ರವೋ? ಈ ಟಿಪ್ಪಣಿಯನ್ನು ಆ ಪ್ರಶ್ನೆಯ ಸುತ್ತಲೇ ಬರೆದಿದ್ದೇನೆ.

ಎಣಿಕೆ ಎಂದರೆ ಸಂಖ್ಯೆಗಳ ಹೆಸರನ್ನು ಬಾಯಿಪಾಠ ಒಪ್ಪಿಸುವುದಲ್ಲ. ಮನೋವಿಜ್ಞಾನಿಗಳಾದ ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಅವರು 1978ರಲ್ಲಿ ಎಣಿಕೆಯ ಹಿಂದೆ ಐದು ತತ್ತ್ವಗಳಿವೆ ಎಂದು ವಿವರಿಸಿದರು. ಪ್ರತಿ ವಸ್ತುವಿಗೆ ಒಂದೇ ಒಂದು ಸಂಖ್ಯೆಯ ಹೆಸರನ್ನು ಹೊಂದಿಸಬೇಕು. ಆ ಹೆಸರುಗಳ ಕ್ರಮ ಪ್ರತಿ ಸಲವೂ ಒಂದೇ ಆಗಿರಬೇಕು. ಕೊನೆಗೆ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಗಾತ್ರವೆಂದು ತಿಳಿದಿರಬೇಕು. ಉಳಿದ ಎರಡು, ಯಾವ ಬಗೆಯ ವಸ್ತುಗಳನ್ನಾದರೂ ಎಣಿಸಬಹುದೆಂಬುದು ಮತ್ತು ಯಾವ ತುದಿಯಿಂದ ಎಣಿಸಿದರೂ ಮೊತ್ತ ಬದಲಾಗದೆಂಬುದು. ಇವುಗಳಲ್ಲಿ ಮೂರನೆಯದು ಮಗುವಿಗೆ ನಿಧಾನವಾಗಿ ಒಲಿಯುತ್ತದೆ. ಹತ್ತರವರೆಗೆ ತಡವರಿಸದೆ ಹೇಳುವ ಮಗುವನ್ನು, ಹುಣಸೆಬೀಜದ ರಾಶಿಯ ಮುಂದೆ ಕೂರಿಸಿ ‘ನನಗೆ ನಾಲ್ಕು ಬೀಜ ಕೊಡು’ ಎಂದರೆ, ಅದು ಒಂದು ಹಿಡಿ ಬೀಜವನ್ನು ತೆಗೆದು ಕೊಡಬಹುದು. ‘ಎಷ್ಟಿವೆ?’ ಎಂದು ಕೇಳಿದಾಗ ಉತ್ತರ ಹೇಳದೆ ಮತ್ತೆ ಒಂದರಿಂದ ಎಣಿಸತೊಡಗುವ ಮಗುವೂ ಇದೇ ಹಂತದಲ್ಲಿರುವ ಸಾಧ್ಯತೆ ಹೆಚ್ಚು.

ಈಗ ಪರದೆಯ ಕಡೆಗೆ ಬರೋಣ. ಮಾವಿನಹಣ್ಣುಗಳು ಒಂದೊಂದಾಗಿ ಬುಟ್ಟಿಗೆ ಬೀಳುತ್ತ, ಧ್ವನಿಯೊಂದು ‘ಒಂದು, ಎರಡು, ಮೂರು’ ಎಂದು ಹೇಳುವ ವಿಡಿಯೊದಲ್ಲಿ ಎಣಿಕೆಯ ಕೆಲಸವೆಲ್ಲ ಯಂತ್ರದ್ದು. ಮಗು ಹೆಸರುಗಳ ಕ್ರಮವನ್ನು ಕೇಳಿಸಿಕೊಳ್ಳಬಹುದು, ಅಷ್ಟೇ. ಮುಟ್ಟಿದ ಹಣ್ಣು ಬಣ್ಣ ಬದಲಿಸಿ ತನ್ನ ಸಂಖ್ಯೆಯನ್ನು ಹೇಳುವ ಚಟುವಟಿಕೆ ಇದಕ್ಕಿಂತ ಮೇಲು. ಆದರೂ ಒಮ್ಮೆ ಮುಟ್ಟಿದ್ದು ಎರಡನೆಯ ಸಲ ಎಣಿಕೆಗೆ ಬರದಂತೆ ಯಂತ್ರವೇ ನೋಡಿಕೊಳ್ಳುವುದರಿಂದ, ಬಿಟ್ಟುಹೋದದ್ದು ಯಾವುದು, ಎರಡು ಸಲ ಎಣಿಸಿದ್ದು ಯಾವುದು ಎಂಬ ಎಚ್ಚರ ಮಗುವಿನಲ್ಲಿ ಬೆಳೆಯುವುದಿಲ್ಲ. ಮೂರು ಉತ್ತರಗಳಲ್ಲಿ ಒಂದನ್ನು ಆರಿಸುವ ರಸಪ್ರಶ್ನೆ ಮಾದರಿಯನ್ನು ನಾನು ಇನ್ನೂ ಕೆಳಗಿಡುತ್ತೇನೆ. ಏನನ್ನೂ ಎಣಿಸದ ಮಗುವೂ ಮೂರರಲ್ಲಿ ಒಂದು ಸಲ ಸರಿಯುತ್ತರ ಮುಟ್ಟುವ ಸಂಭವವಿದೆ, ಮತ್ತೆ ಮತ್ತೆ ಮುಟ್ಟಲು ಅವಕಾಶವಿದ್ದರಂತೂ ಕೊನೆಗೆ ಎಲ್ಲರಿಗೂ ಚಪ್ಪಾಳೆ ಸಿಗುತ್ತದೆ.

ಇದಕ್ಕೆ ಪ್ರತಿಯಾಗಿ, ಉಚಿತ ತಂತ್ರಾಂಶವಾದ ಜಿಕಾಂಪ್ರಿಯಲ್ಲಿರುವ ಎಣಿಕೆಯ ಚಟುವಟಿಕೆಯೊಂದನ್ನು ಗಮನಿಸಿ. ಬಗೆಬಗೆಯ ವಸ್ತುಗಳು ಪರದೆಯ ತುಂಬ ಚದುರಿರುತ್ತವೆ. ಅವುಗಳನ್ನು ಎಳೆದು, ಎಣಿಸಲು ಅನುಕೂಲವಾಗುವಂತೆ ಜೋಡಿಸಿಕೊಂಡು, ಪ್ರತಿ ಬಗೆಯವು ಎಷ್ಟಿವೆ ಎಂಬ ಅಂಕಿಯನ್ನು ಮಗುವೇ ಒತ್ತಬೇಕು. ಎಣಿಸಿದ್ದನ್ನು ಪಕ್ಕಕ್ಕೆ ಸರಿಸುವ ಈ ಅಭ್ಯಾಸ ನೆಲದ ಮೇಲೆ ಕಲ್ಲು ಎಣಿಸುವಾಗಲೂ ಕೆಲಸಕ್ಕೆ ಬರುವಂಥದ್ದು. ನಥಾಲಿ ಸಿಂಕ್ಲೇರ್ ಮತ್ತು ನಿಕ್ ಜಾಕಿವ್ ರೂಪಿಸಿದ ಟಚ್‌ಕೌಂಟ್ಸ್ ಎಂಬ ಆ್ಯಪ್ ಇನ್ನೊಂದು ದಿಕ್ಕಿನಿಂದ ಇದೇ ಗುರಿಯನ್ನು ಮುಟ್ಟುತ್ತದೆ. ಅದರಲ್ಲಿ ಮೊದಲೇ ಸಿದ್ಧವಾದ ವಸ್ತುಗಳಿಲ್ಲ; ಮಗು ಬೆರಳಿಟ್ಟಾಗಲೇ ಸಂಖ್ಯೆ ಹೊತ್ತ ಬಿಲ್ಲೆ ಹುಟ್ಟುತ್ತದೆ ಮತ್ತು ಅದರ ಹೆಸರು ಕೇಳಿಸುತ್ತದೆ. ಪರದೆಯಲ್ಲಿರುವ ಅಡ್ಡಗೆರೆಗಿಂತ ಮೇಲಿಟ್ಟ ಬಿಲ್ಲೆ ಉಳಿಯುತ್ತದೆ, ಕೆಳಗಿಟ್ಟದ್ದು ಜಾರಿಹೋಗುತ್ತದೆ. ಆದ್ದರಿಂದ ‘ಐದು ಎಂಬ ಬಿಲ್ಲೆ ಮಾತ್ರ ಮೇಲಿರಲಿ’ ಎಂದು ಹೇಳಿದರೆ, ಮಗು ನಾಲ್ಕು ಬಿಲ್ಲೆಗಳನ್ನು ಕೆಳಗೆ ಬೀಳಗೊಟ್ಟು, ಮುಂದೆ ಬರುವುದೇ ಐದು ಎಂದು ಮೊದಲೇ ಯೋಚಿಸಬೇಕಾಗುತ್ತದೆ.

ಆ್ಯಪ್ ಇಲ್ಲದಿದ್ದರೂ ನಾವೇ ಮಾಡಿಕೊಳ್ಳಬಹುದಾದದ್ದು ಹತ್ತರ ಚೌಕಟ್ಟು. ಐದೈದು ಮನೆಗಳ ಎರಡು ಸಾಲು ಬರೆದು, ಏಳು ಮನೆಗಳಲ್ಲಿ ಚುಕ್ಕಿ ಇಟ್ಟ ಸ್ಲೈಡನ್ನು ಎರಡು ಸೆಕೆಂಡು ತೋರಿಸಿ ಮರೆಮಾಡಿ, ‘ಎಷ್ಟು ಕಂಡಿರಿ, ಹೇಗೆ ಕಂಡಿರಿ?’ ಎಂದು ಕೇಳಬೇಕು. ಮೂರ್ನಾಲ್ಕು ವಸ್ತುಗಳವರೆಗೆ ಎಣಿಸದೆಯೇ ಗುರುತಿಸುವ ಶಕ್ತಿ ನಮ್ಮೆಲ್ಲರಲ್ಲೂ ಇದೆ. ಅದಕ್ಕಿಂತ ಹೆಚ್ಚಾದಾಗ ಗುಂಪು ಮಾಡಿ ನೋಡಬೇಕಾಗುತ್ತದೆ. ‘ಮೇಲೆ ಐದು, ಕೆಳಗೆ ಎರಡು’ ಎಂದು ಒಬ್ಬರೂ, ‘ಹತ್ತಕ್ಕೆ ಮೂರು ಕಡಿಮೆ’ ಎಂದು ಇನ್ನೊಬ್ಬರೂ ಹೇಳುವಾಗ ಕೂಡುವ ಮತ್ತು ಕಳೆಯುವ ಲೆಕ್ಕಗಳಿಗೆ ಅಲ್ಲಿಯೇ ತಳಹದಿ ಬೀಳುತ್ತದೆ. ‘ಹೇಗೆ ಕಂಡಿರಿ’ ಎಂಬುದನ್ನು ಕೇಳದೆ ಮುಂದಿನ ಸ್ಲೈಡಿಗೆ ಹೋದರೆ ಚಟುವಟಿಕೆಯ ಅರ್ಧ ಬೆಲೆ ಹೋದಂತೆ.

ಆಕೃತಿಗಳ ಕಲಿಕೆಯನ್ನು ಅರಿಯಲು ಡಚ್ ದಂಪತಿಗಳಾದ ಡೀನಾ ಮತ್ತು ಪಿಯರ್ ವಾನ್ ಹೀಲೆ ಅವರು 1957ರಲ್ಲಿ ಮಂಡಿಸಿದ ಹಂತಗಳು ಇಂದಿಗೂ ನೆರವಾಗುತ್ತವೆ. ಮೊದಲ ಹಂತದಲ್ಲಿ ಮಗು ಆಕೃತಿಯನ್ನು ಅದರ ಒಟ್ಟು ನೋಟದಿಂದ ಗುರುತಿಸುತ್ತದೆ. ಎರಡನೆಯದರಲ್ಲಿ ಭುಜ, ಮೂಲೆಗಳಂತಹ ಗುಣಗಳಿಂದ. ಆ್ಯಪುಗಳಲ್ಲಿ ಮತ್ತು ಚಾರ್ಟುಗಳಲ್ಲಿ ತ್ರಿಭುಜವೆಂದರೆ ಸಾಮಾನ್ಯವಾಗಿ ತಳ ಮಟ್ಟವಾಗಿ ಕೂತ, ಮೂರೂ ಭುಜ ಸಮನಾದ ಒಂದೇ ಚಿತ್ರ. ಅದನ್ನೇ ನೂರು ಸಲ ಕಂಡ ಮಗು, ತುದಿ ಕೆಳಗಾದ ತ್ರಿಭುಜವನ್ನು ಒಪ್ಪುವುದಿಲ್ಲ, ಮೂಲೆಯ ಮೇಲೆ ನಿಂತ ಚೌಕವನ್ನು ಡೈಮಂಡ್ ಎನ್ನುತ್ತದೆ. ಇದು ಮಗುವಿನ ಕೊರತೆಯಲ್ಲ, ನಾವು ತೋರಿಸಿದ ಉದಾಹರಣೆಗಳ ಬಡತನ. ಪರದೆಯ ನಿಜವಾದ ಬಲ ಇಲ್ಲಿದೆ: ಕಾಗದದ ಮೇಲಿನ ಚಿತ್ರವನ್ನು ಹಿಗ್ಗಿಸಲು, ಒಂದು ಮೂಲೆ ಹಿಡಿದು ಎಳೆಯಲು ಆಗದು, ಪರದೆಯ ಮೇಲೆ ಆಗುತ್ತದೆ. ಜಿಯೋಬೋರ್ಡ್ ಆ್ಯಪಿನಲ್ಲಿ ಮೊಳೆಗಳಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ತ್ರಿಭುಜ ಮಾಡಿದ ಮಗುವಿಗೆ, ಒಂದು ಮೂಲೆಯನ್ನು ಎಷ್ಟು ದೂರ ಎಳೆದರೂ ಅದು ತ್ರಿಭುಜವಾಗಿಯೇ ಉಳಿಯುವುದೇ, ಯಾವಾಗ ಉಳಿಯುವುದಿಲ್ಲ ಎಂದು ಕೇಳಬೇಕು. ಮೂರು ಮೊಳೆಗಳೂ ಒಂದೇ ಸಾಲಿಗೆ ಬಂದಾಗ ಆಕೃತಿ ಮಾಯವಾಗುವುದನ್ನು ಮಗು ತಾನೇ ಕಂಡುಕೊಳ್ಳಲಿ. ಚುಕ್ಕಿ ರಂಗೋಲಿ ನೋಡಿ ಬೆಳೆದ ಮಕ್ಕಳಿಗೆ ಈ ಹಲಗೆ ಹೊಸದೇನೂ ಅಲ್ಲ. ಅಂಗಳದ ಚುಕ್ಕಿಗಳಿಂದ ಆರಂಭಿಸಿ ಪರದೆಗೆ ಬರುವುದು ನಮ್ಮ ಶಾಲೆಗಳಲ್ಲಿ ಸಹಜವಾದ ದಾರಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ‘ಆಯತವನ್ನು ಮುಟ್ಟು’ ಎಂದಾಗ ಚೌಕ ಮುಟ್ಟಿದ ಮಗುವಿಗೆ ‘ತಪ್ಪು’ ಎಂದು ಸದ್ದು ಮಾಡುವ ಚಟುವಟಿಕೆ ಗಣಿತದ ದೃಷ್ಟಿಯಿಂದಲೇ ತಪ್ಪು, ಏಕೆಂದರೆ ನಾಲ್ಕೂ ಕೋನ ಲಂಬಕೋನವಾಗಿರುವ ಚೌಕವೂ ಒಂದು ಆಯತ. ಈ ವಯಸ್ಸಿನಲ್ಲಿ ಅದನ್ನು ವಿವರಿಸಲೇಬೇಕೆಂದಿಲ್ಲ, ಆದರೆ ಮುಂದೆ ಅಳಿಸಬೇಕಾದ ಪಾಠವನ್ನು ಈಗ ಕಲಿಸಲೂ ಬಾರದು. ಹಾಗೆಯೇ ಚೆಂಡಿನ ಚಿತ್ರ ತೋರಿಸಿ ‘ವೃತ್ತ’ ಎನ್ನುವ ಚಟುವಟಿಕೆಗಳನ್ನು ಬಿಡಬೇಕು. ಗೋಳ, ಘನ, ಶಂಕುಗಳನ್ನು ಕೈಯಲ್ಲಿ ಹಿಡಿದು, ಉರುಳಿಸಿ, ಪೇರಿಸಿಯೇ ಕಲಿಯಬೇಕು.

ಐದು ವರ್ಷ ದಾಟಿದ ಮಕ್ಕಳಿಗೆ ಎಣಿಕೆ ಮತ್ತು ಆಕೃತಿ ಎರಡನ್ನೂ ಕೂಡಿಸಿ ಕೊಡುವುದು, ಪರದೆಯ ಪಾತ್ರಗಳನ್ನು ಆಜ್ಞೆ ಜೋಡಿಸಿ ನಡೆಸುವ ಸ್ಕ್ರ್ಯಾಚ್‌ಜೂನಿಯರ್ ಎಂಬ ಆ್ಯಪ್. ಅದರ ಆಜ್ಞೆಗಳೆಲ್ಲ ಚಿತ್ರಗಳಲ್ಲಿರುವುದರಿಂದ ಓದಲು ಬಾರದ ಮಗುವೂ ಬಳಸಬಹುದು. ಬೆಕ್ಕನ್ನು ಬಲಕ್ಕೆ ನಾಲ್ಕು, ಮೇಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು, ಕೆಳಕ್ಕೆ ನಾಲ್ಕು ಮನೆ ನಡೆಸಿದರೆ ಅದು ಹೊರಟಲ್ಲಿಗೇ ಮರಳುತ್ತದೆ, ನಡೆದ ದಾರಿ ಚೌಕವಾಗುತ್ತದೆ. ಒಂದು ಸಂಖ್ಯೆ ತಪ್ಪಿದರೆ ಮರಳುವುದಿಲ್ಲ. ಇಲ್ಲಿ ತಪ್ಪನ್ನು ತೋರಿಸುವುದು ಗಂಟೆಯ ಸದ್ದಲ್ಲ, ಬೆಕ್ಕು ನಿಂತ ಜಾಗ. ತರಗತಿಯ ನೆಲದಲ್ಲಿ ಮನೆಗಳನ್ನು ಬರೆದು ಮಗುವನ್ನೇ ಮೊದಲು ನಡೆಸಿದರೆ ಇನ್ನೂ ಒಳ್ಳೆಯದು.

ಗಣಿತ ಕಲಿಸುವಾಗ ಅನುಸರಿಸುವ ಅನುಭವ, ಮಾತು, ಚಿತ್ರ, ಸಂಕೇತ ಎಂಬ ಕ್ರಮದಲ್ಲಿ ಪರದೆ ಬಹುಮಟ್ಟಿಗೆ ಚಿತ್ರದ ಜಾಗದಲ್ಲಿ ಬರುವಂಥದ್ದು; ಅನುಭವದ ಜಾಗವನ್ನು ಅದು ತುಂಬದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳಿತು ಎಂದು ಹೇಳಿದೆ. ಮನೆಯ ಟಿವಿ, ಮೊಬೈಲುಗಳೂ ಆ ಗಂಟೆಯಲ್ಲೇ ಸೇರುವುದರಿಂದ ನಮ್ಮ ಪಾಲಿಗೆ ಉಳಿಯುವುದು ಕೆಲವೇ ನಿಮಿಷ. ಶಾಲೆಯಲ್ಲಿ ಒಂದೇ ಟ್ಯಾಬ್ ಇದ್ದರೆ ಅದನ್ನು ಕೊರತೆಯೆಂದು ಭಾವಿಸಬೇಕಿಲ್ಲ. ನಲಿ ಕಲಿ ತರಗತಿಯಲ್ಲಿ ಗೆಳೆಯರ ಸಹಾಯದಿಂದ ಕಲಿಯುವ ತಟ್ಟೆಗೆ (ಮಕ್ಕಳ ಗುಂಪಿಗೆ) ಅದನ್ನು ಕೊಟ್ಟು, ಒಬ್ಬರು ಬೆರಳಿಡುವಾಗ ಇನ್ನೊಬ್ಬರು ಮುಂದೇನಾಗುವುದೆಂದು ಹೇಳುವಂತೆ ಮಾಡಿದರೆ, ಒಬ್ಬೊಬ್ಬರಿಗೆ ಒಂದೊಂದು ಟ್ಯಾಬ್ ಕೊಟ್ಟಾಗ ಹುಟ್ಟದ ಮಾತು ಅಲ್ಲಿ ಹುಟ್ಟುತ್ತದೆ.

ಮೌಲ್ಯಮಾಪನಕ್ಕೆ ಆ್ಯಪ್ ಕೊಡುವ ನಕ್ಷತ್ರಗಳನ್ನು ದಾಖಲೆಗೆ ಬರೆಯಬಾರದು. ಪರದೆಯಲ್ಲಿ ಏಳರವರೆಗೆ ಎಣಿಸಿದ ಮಗುವಿಗೆ ಮರುದಿನ ಬೀಜದ ರಾಶಿಯಿಂದ ಏಳನ್ನು ಕೇಳಬೇಕು. ಕೊಟ್ಟ ಮೇಲೆ ಅವನ್ನು ದೂರ ದೂರ ಹರಡಿ ‘ಈಗ ಎಷ್ಟು?’ ಎನ್ನಬೇಕು. ಮತ್ತೆ ಎಣಿಸದೆ ಏಳು ಎಂದಿತೇ, ಎಣಿಸಿ ಏಳು ಎಂದಿತೇ, ಹೆಚ್ಚಾಯಿತು ಎಂದಿತೇ ಎಂಬುದನ್ನು ಮಗುವಿನ ಹೆಸರಿನ ಮುಂದೆ ಬರೆದಿಟ್ಟರೆ, ಮುಂದಿನ ವಾರ ಯಾವ ಚಟುವಟಿಕೆ ಕೊಡಬೇಕೆಂಬುದು ಆ ಸಾಲಿನಿಂದಲೇ ತಿಳಿಯುತ್ತದೆ.