ರೋಬೋಟ್ ತಪ್ಪು ಮಾಡಿದರೆ ಪಾಪ ಯಾರಿಗೆ?

2022ರ ಜುಲೈ 1ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ವೈಮಾನಿಕ ಪರೀಕ್ಷಾ ಕೇಂದ್ರದಿಂದ ಪೈಲಟ್ ಇಲ್ಲದ ಪುಟ್ಟ ವಿಮಾನವೊಂದು ಹಾರಿತು. ನೆಲ ಬಿಟ್ಟದ್ದು, ಹಾರಿದ್ದು, ಮತ್ತೆ ಇಳಿದದ್ದು ಎಲ್ಲವೂ ತಾನಾಗಿಯೇ. ಅದೊಂದು ಪ್ರಯೋಗ, ಅಷ್ಟೇ. ಆದರೂ ಚಳ್ಳಕೆರೆಯ ಬಯಲಲ್ಲಿ ಯಂತ್ರ ತನ್ನಷ್ಟಕ್ಕೆ ಹಾರಬಲ್ಲದು ಎಂದಾದರೆ, ಸರಿ-ತಪ್ಪನ್ನೂ ಅದಕ್ಕೆ ಕಲಿಸಬಹುದಾ ಅಂತ ಕೇಳಬೇಕಾಗುತ್ತದೆ ಅಲ್ವಾ? ಕ್ರೈಸ್ತರಿಗೆ ಈ ಪ್ರಶ್ನೆ ಪೂರ್ತಿ ಹೊಸದೇನಲ್ಲ.

13ನೇ ಶತಮಾನದಲ್ಲೇ ಕ್ರೈಸ್ತ ಧರ್ಮಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ ಇದರ ಹತ್ತಿರ ಬಂದಿದ್ದರು. ಪ್ರಾಣಿಗಳಿಗೆ ಆಯ್ಕೆ ಮಾಡುವ ಶಕ್ತಿ ಇದೆಯೇ ಎಂದು ಚರ್ಚಿಸುವಾಗ ಅವರು ಬಾಣ, ಗಡಿಯಾರಗಳ ಮಾತು ತೆಗೆಯುತ್ತಾರೆ. ಬಾಣ ನೇರ ಗುರಿಗೆ ಹೋಗುತ್ತದೆ, ಅದಕ್ಕೇ ಬುದ್ಧಿ ಇದ್ದಂತೆ ಕಾಣುತ್ತದೆ. ಆದರೆ ಆ ಬುದ್ಧಿ ಬಾಣ ಬಿಟ್ಟವನದು. ಗಡಿಯಾರ ಮತ್ತು ಮನುಷ್ಯ ಮಾಡಿದ ಬೇರೆ ಯಂತ್ರಗಳೂ ಹಾಗೆಯೇ. ತಿಳಿದು, ಬೇಕೆಂದೇ ಮಾಡಿದ್ದಕ್ಕಷ್ಟೇ ಅವರ ಲೆಕ್ಕದಲ್ಲಿ ಒಳ್ಳೆಯದು-ಕೆಟ್ಟದ್ದು ಅನ್ವಯಿಸುತ್ತದೆ. ಚರ್ಚೆಯ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಆದರೆ 20ನೇ ಶತಮಾನದಲ್ಲಿ ಮಾತು ಆತ್ಮದ ಕಡೆ ತಿರುಗಿತು. 1950ರಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಬುನಾದಿ ಹಾಕಿದ ಗಣಿತಜ್ಞ ಅಲನ್ ಟ್ಯೂರಿಂಗ್ ಯಂತ್ರ ಯೋಚಿಸಬಲ್ಲದೇ ಎಂದು ಲೇಖನ ಬರೆದಾಗ, ಮೊದಲು ಎತ್ತಿಕೊಂಡ ಆಕ್ಷೇಪವೇ ಧರ್ಮಶಾಸ್ತ್ರದ್ದು: ಯೋಚನೆ ಆತ್ಮದ ಕೆಲಸ, ದೇವರು ಆತ್ಮ ಕೊಟ್ಟಿದ್ದು ಮನುಷ್ಯನಿಗೆ ಮಾತ್ರ. ಟ್ಯೂರಿಂಗ್ ಬಿಡಲಿಲ್ಲ. ಸರ್ವಶಕ್ತನಾದ ದೇವರು ಮನಸ್ಸು ಮಾಡಿದರೆ ಆನೆಗೂ ಆತ್ಮ ಕೊಡಬಹುದಲ್ಲ ಎಂದರು. ಉತ್ತರ ಚುರುಕಾಗಿದೆ, ನಿಜ. ಆದರೆ ಅದರಿಂದ ನೀತಿಯ ಪ್ರಶ್ನೆ ಬಗೆಹರಿಯುವುದಿಲ್ಲ.

1990ರ ದಶಕದಲ್ಲಿ ಆನ್ ಫೋರ್ಸ್ಟ್ ಎಂಬ ಲೂಥರನ್ ಧರ್ಮಶಾಸ್ತ್ರಜ್ಞೆ ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ ರೋಬೋಟ್ ತಜ್ಞರ ಜೊತೆ ಕೆಲಸ ಮಾಡಿದರು. ದೇವರು ಮನುಷ್ಯನನ್ನು ತನ್ನ ಹೋಲಿಕೆಯಲ್ಲಿ ಸೃಷ್ಟಿಸಿದ ಎನ್ನುತ್ತದೆ ಬೈಬಲ್. ಆ ಹೋಲಿಕೆ ಎಂದರೆ ಬುದ್ಧಿವಂತಿಕೆಯಲ್ಲ, ಸಂಬಂಧ ಎಂಬುದು ಅವರ ನಿಲುವು. ಹಾಗಾದರೆ ರೋಬೋಟನ್ನು ಸುಮ್ನೆ ಹೊರಗಿಡಲಾಗದು. ಎಲ್ಲ ಕ್ರೈಸ್ತರೂ ಇದನ್ನು ಒಪ್ಪಲಿಲ್ಲ.

ಈಗ ಯಂತ್ರಕ್ಕೆ ನಡತೆ ಕಲಿಸುವ ಒಂದು ಮುಖ್ಯ ರೀತಿ ಹೀಗಿದೆ. ಅದರ ಉತ್ತರಗಳಲ್ಲಿ ಯಾವುದು ವಾಸಿ ಎಂದು ಜನ ಹೇಳುತ್ತಾರೆ, ಯಂತ್ರ ಆ ಕಡೆ ವಾಲುತ್ತದೆ. ಆದರೆ ಯಾವ ಜನ? 2018ರಲ್ಲಿ ಪ್ರಕಟವಾದ ಎಂಐಟಿ ಅಧ್ಯಯನವೊಂದು, ಅಪಘಾತ ತಪ್ಪಿಸಲಾಗದ ಚಾಲಕರಹಿತ ಕಾರು ಯಾರನ್ನು ಉಳಿಸಬೇಕು ಎಂದು ಕೇಳಿ, ಸುಮಾರು 4 ಕೋಟಿ ತೀರ್ಮಾನಗಳನ್ನು ಕಲೆಹಾಕಿತು. ದೇಶದಿಂದ ದೇಶಕ್ಕೆ ಒಲವು ಬೇರೆಯಾಗಿತ್ತು.

ಇನ್ನೊಂದು ತೊಡಕು ಪಶ್ಚಾತ್ತಾಪದ್ದು. ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ದಾವಣಗೆರೆಯಿಂದ ಹೋಗುವ ಕಥೋಲಿಕರಿಗೆ ಪಾಪನಿವೇದನೆಯ ಕ್ರಮ ಗೊತ್ತು. ಮೊದಲು ಒಳಗೆ ನೋಡಿಕೊಳ್ಳಬೇಕು, ನೊಂದುಕೊಳ್ಳಬೇಕು, ಬಾಯಿಬಿಟ್ಟು ಹೇಳಬೇಕು, ಮತ್ತೆ ಮಾಡುವುದಿಲ್ಲ ಎಂದು ನಿರ್ಧರಿಸಬೇಕು, ಗುರುಗಳು ಹೇಳಿದ ಪ್ರಾಯಶ್ಚಿತ್ತ ಮಾಡಬೇಕು. ಯಂತ್ರವನ್ನು ತಿದ್ದಿದರೆ ಮುಂದಿನ ಸಲ ಸರಿಯಾಗಿ ನಡೆಯುತ್ತದೆ. ಎಷ್ಟೋ ಸಲ ನಮಗಿಂತ ಚೆನ್ನಾಗಿಯೇ. ಆದರೆ ನೋವಾದವರ ಮುಂದೆ ಹೋಗಿ 'ನಾನು ಮಾಡಿದೆ' ಅನ್ನುವ 'ನಾನು' ಅದರಲ್ಲಿ ಎಲ್ಲಿದ್ದಾನೆ? ಬೈಬಲಿನ ಹತ್ತು ಆಜ್ಞೆಗಳನ್ನು ಅದು ಬಾಯಿಪಾಠ ಒಪ್ಪಿಸಬಲ್ಲದು, ಮುರಿದದ್ದಕ್ಕೆ ಅಳಲಾರದು.

ಅದಕ್ಕೇ ಇರಬೇಕು, ಚರ್ಚು ಈಚೆಗೆ ಯಂತ್ರಕ್ಕಿಂತ ಅದರ ಹಿಂದಿನವರನ್ನೇ ಜಾಸ್ತಿ ವಿಚಾರಿಸುತ್ತಿದೆ. 2020ರ ಫೆಬ್ರುವರಿಯಲ್ಲಿ ರೋಮಿನಲ್ಲಿ ವ್ಯಾಟಿಕನ್ನಿನ ಅಕಾಡೆಮಿಯೊಂದರ ಜೊತೆ ಮೈಕ್ರೋಸಾಫ್ಟ್, ಐಬಿಎಂ ಕೂಡ ಒಂದು ನೀತಿಪತ್ರಕ್ಕೆ ಸಹಿ ಹಾಕಿದವು. ಹೊಣೆಗಾರಿಕೆ ಅದರ ಆರು ತತ್ವಗಳಲ್ಲಿ ಒಂದು. 2024ರ ಜೂನ್‌ನಲ್ಲಿ ಜಿ7 ಎಂಬ ಏಳು ಶ್ರೀಮಂತ ದೇಶಗಳ ಕೂಟದ ಸಭೆಗೆ ಹೋದ ಪೋಪ್ ಫ್ರಾನ್ಸಿಸ್, ಮನುಷ್ಯನ ಜೀವ ತೆಗೆಯುವ ತೀರ್ಮಾನ ಯಾವ ಯಂತ್ರಕ್ಕೂ ಬೇಡ ಎಂದರು. 2025ರ ಜನವರಿಯಲ್ಲಿ ಬಂದ ವ್ಯಾಟಿಕನ್ ಟಿಪ್ಪಣಿ ಇನ್ನೂ ನೇರ: ಯಂತ್ರ ಮತ್ತು ಮನುಷ್ಯರಲ್ಲಿ ನೈತಿಕ ಹೊಣೆ ಹೊರುವವನು ಮನುಷ್ಯ ಮಾತ್ರ. ತಾನಾಗಿ ಗುರಿ ಹುಡುಕಿ ಕೊಲ್ಲುವ ಆಯುಧಗಳ ಬಗ್ಗೆ 2014ರಿಂದ ಜಿನೀವಾದಲ್ಲಿ ವಿಶ್ವಸಂಸ್ಥೆಯಡಿ ಮಾತುಕತೆ ನಡೆದಿದೆ. ಅಲ್ಲೂ ವ್ಯಾಟಿಕನ್ ಇದನ್ನೇ ಹೇಳುತ್ತಾ ಬಂದಿದೆ. ದೇಶಗಳನ್ನು ಕಟ್ಟಿಹಾಕುವ ಒಪ್ಪಂದ ಮಾತ್ರ ಇನ್ನೂ ಆಗಿಲ್ಲ.