ಕಾಪಿ ಮಾಡಿದ್ದಕ್ಕೆ ಪಿಕಲ್ ಎರರ್ ಯಾಕೆ?

ಪ್ರಶ್ನೆ: ಮಲ್ಪೆಯ ಬೋಟಿನವರೊಬ್ಬರಿಗೆ ಪೈಥಾನ್‌ನಲ್ಲಿ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದೇನೆ. ‘ಟ್ರಿಪ್’ ಎಂಬ ಕ್ಲಾಸಿನಲ್ಲಿ ಡೀಸೆಲ್, ಐಸ್, ಸಿಕ್ಕಿದ ಮೀನಿನ ಪಟ್ಟಿ ಇದೆ. ಜೊತೆಗೆ ಎಸ್‌ಕ್ಯೂಲೈಟ್ ಡೇಟಾಬೇಸಿನ ಕನೆಕ್ಷನ್ ಮತ್ತು ಒಂದು ಥ್ರೆಡ್ ಲಾಕ್ (ಒಟ್ಟೊಟ್ಟಿಗೆ ಓಡುವ ಕೆಲಸಗಳು ಡಿಕ್ಕಿ ಹೊಡೆಯದಂತೆ ಕಾಯುವ ಬೀಗ). ಹಿಂದಿನ ಟ್ರಿಪ್ಪನ್ನು ಡೀಪ್‌ಕಾಪಿ (ಒಳಗಿನದ್ದೆಲ್ಲ ಸೇರಿ ಪೂರ್ತಿ ಪ್ರತಿ) ಮಾಡಿ ಹೊಸದು ಶುರು ಮಾಡಲು ಹೋದರೆ, ಕನೆಕ್ಷನ್ ಪಿಕಲ್ (ಫೈಲಿಗೆ ಬರೆದಿಡಲು ಬರುವ ರೂಪಕ್ಕೆ ತರುವುದು) ಮಾಡಲು ಆಗುವುದಿಲ್ಲ ಎಂಬ ಟೈಪ್‌ಎರರ್. ನಾನು ಪಿಕಲ್ ಮಾಡುತ್ತಲೇ ಇಲ್ಲವಲ್ಲ?

ಉತ್ತರ: ನೀವು ಮಾಡುತ್ತಿಲ್ಲ ನಿಜ. ಆದರೆ ಕಾಪಿ ಮಾಡ್ಯೂಲ್ ನಡೆಯುವುದು ಪಿಕಲ್ ಹಾಕಿದ ದಾರಿಯಲ್ಲೇ. ನಿಮ್ಮ ಕ್ಲಾಸಿನಲ್ಲಿ ‘ಡೀಪ್‌ಕಾಪಿ’ ಎಂಬ ಡಂಡರ್ ಮೆಥಡ್ (ಹೆಸರಿನ ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವುದು) ಇದೆಯಾ ಎಂದು ಮೊದಲು ನೋಡುತ್ತದೆ. ಇಲ್ಲದಿದ್ದರೆ ‘ಕಾಪಿರೆಗ್’ ಪಟ್ಟಿಯಲ್ಲಿ (ಯಾವ ಕ್ಲಾಸನ್ನು ಹೇಗೆ ಬಿಚ್ಚುವುದು ಎಂದು ಮೊದಲೇ ನೋಂದಾಯಿಸಿಟ್ಟದ್ದು) ಹುಡುಕುತ್ತದೆ. ಅಲ್ಲೂ ಇಲ್ಲದಿದ್ದರೆ ‘ರೆಡ್ಯೂಸ್ ಎಕ್ಸ್’ ಅನ್ನು ಕರೆಯುತ್ತದೆ. ಅದು ಪಿಕಲ್‌ಗಾಗಿಯೇ ಹುಟ್ಟಿದ ಮೆಥಡ್. ನಿಮ್ಮ ಕನೆಕ್ಷನ್ನಿನ ಸರದಿ ಬಂದಾಗ ಅದು ಕೈ ಎತ್ತಿತು. ಹಾಗಾಗಿ ಬೈಗುಳದಲ್ಲಿ ಪಿಕಲ್ ಹೆಸರು ಬಂತು, ಅಷ್ಟೇ.

ಪಿಕಲ್ ಎಂದರೆ ಉಪ್ಪಿನಕಾಯಿ. ಆದರೆ ಇಲ್ಲಿ ನನಗೆ ನೆನಪಾಗುವುದು ಉಪ್ಪುಸೊಳೆ. ಹಲಸಿನಕಾಯಿ ಕೊಯ್ದು, ಬೇಳೆ (ಬೀಜ) ತೆಗೆದು, ಸೊಳೆಗೆ (ತೊಳೆಗೆ) ಮಾತ್ರ ಉಪ್ಪು ಹಾಕಿ ಭರಣಿಗೆ ತುಂಬುತ್ತಾರೆ. ಮಳೆಗಾಲದಲ್ಲಿ ತೆಗೆದು, ನೀರಲ್ಲಿ ನೆನೆಸಿ ಉಪ್ಪು ಬಿಡಿಸಿದ ಮೇಲೆಯೇ ಪಲ್ಯ. ಬೇಳೆ ತೆಗೆಯುವ, ಅಂದರೆ ಉಳಿಸಬೇಕಾದ್ದನ್ನು ಮಾತ್ರ ಕೊಡುವ ಕೆಲಸ ‘ಗೆಟ್‌ಸ್ಟೇಟ್’ನದ್ದು. ನೆನೆಸುವ, ಅಂದರೆ ಅದರಿಂದ ಮತ್ತೆ ಕಟ್ಟುವ ಕೆಲಸ ‘ಸೆಟ್‌ಸ್ಟೇಟ್’ನದ್ದು. ಎರಡೂ ಡಂಡರ್ ಮೆಥಡ್‌ಗಳೇ.

ಗೆಟ್‌ಸ್ಟೇಟ್‌ನಲ್ಲಿ ಆಬ್ಜೆಕ್ಟಿನ ಡಿಕ್ಟನ್ನು (ಅದರ ಹೆಸರು-ಮೌಲ್ಯಗಳ ಜೋಡಿಗಳ ಪಟ್ಟಿ) ತೆಗೆದುಕೊಂಡು, ಕನೆಕ್ಷನ್ ಮತ್ತು ಲಾಕ್ ಎರಡನ್ನೂ ಅಳಿಸಿ, ಉಳಿದದ್ದನ್ನು ರಿಟರ್ನ್ ಮಾಡಿ. ಇಲ್ಲೊಂದು ಗುಂಡಿ ಉಂಟು ಮಾರಾಯ್ರೇ, ನಾನೇ ಬಿದ್ದಿದ್ದೇನೆ. ಮಂಗಳೂರಿನ ಒಂದು ಅಂಗಡಿಗೆ ಬಿಲ್ಲಿನ ಪ್ರೋಗ್ರಾಂ ಬರೆದಿದ್ದೆ. ಹಗಲಿಡೀ ಸರಿಯಾಗಿ ಓಡುತ್ತಿತ್ತು. ಸಂಜೆ ಬ್ಯಾಕಪ್ ತೆಗೆದ ಮೇಲೆ ಮೊದಲ ಬಿಲ್ಲಿಗೇ ‘ಲಾಕ್ ಎಂಬ ಆಟ್ರಿಬ್ಯೂಟ್ ಇಲ್ಲ’ ಎಂದು ಬೀಳುತ್ತಿತ್ತು. ಎರಡು ದಿನ ಥ್ರೆಡ್‌ಗಳನ್ನೇ ಅನುಮಾನಿಸಿದೆ. ತಪ್ಪು ಬೇರೆಯೇ ಇತ್ತು. ಡಿಕ್ಟಿನ ಪ್ರತಿ ಮಾಡಿಕೊಳ್ಳದೆ ಅಸಲಿ ಡಿಕ್ಟಿನಿಂದಲೇ ಲಾಕ್ ಅಳಿಸಿದ್ದೆ! ಅಂದರೆ ಸೇವ್ ಮಾಡಿದಾಗೆಲ್ಲ ಓಡುತ್ತಿರುವ ಆಬ್ಜೆಕ್ಟಿನ ಲಾಕೇ ಮಾಯ. ಡಿಕ್ಟಿನ ಮೇಲೆ ‘ಕಾಪಿ’ ಕರೆದು, ಆ ಪ್ರತಿಯಿಂದ ಅಳಿಸಿ. ಒಂದೇ ಪದದ ವ್ಯತ್ಯಾಸ.

ಸೆಟ್‌ಸ್ಟೇಟ್‌ನಲ್ಲಿ, ಬಂದ ಡಿಕ್ಟಿನಿಂದ ಆಬ್ಜೆಕ್ಟನ್ನು ಅಪ್‌ಡೇಟ್ ಮಾಡಿ, ಹೊಸ ಲಾಕ್ ಹುಟ್ಟಿಸಿ, ಡೇಟಾಬೇಸ್ ಮತ್ತೆ ತೆರೆಯಿರಿ. ಆ ಡೇಟಾಬೇಸ್ ಫೈಲಿನ ದಾರಿ (ಪಾಥ್) ಸ್ಟೇಟ್‌ನಲ್ಲಿ ಉಳಿದಿರಲೇಬೇಕು, ಇಲ್ಲದಿದ್ದರೆ ಯಾವುದನ್ನು ತೆರೆಯುವುದು? ‘ಅದೆಲ್ಲ ಇನಿಟ್‌ನಲ್ಲಿ (ಹೊಸ ಆಬ್ಜೆಕ್ಟ್ ಮಾಡುವಾಗ ಓಡುವ ಡಂಡರ್) ಇದೆಯಲ್ಲ’ ಎನ್ನಬೇಡಿ. ಪಿಕಲ್‌ನಿಂದ ಎಬ್ಬಿಸುವಾಗಲೂ, ಈ ದಾರಿಯಲ್ಲಿ ಕಾಪಿ ಮಾಡುವಾಗಲೂ ಸಾಮಾನ್ಯವಾಗಿ ಇನಿಟ್ ಓಡುವುದಿಲ್ಲ. ಇನ್ನೊಂದು ಮಾತು: ಪೈಥಾನ್ 3.11ರಿಂದ ಎಲ್ಲ ಆಬ್ಜೆಕ್ಟಿಗೂ ಒಂದು ಗೆಟ್‌ಸ್ಟೇಟ್ ಬಂದಿದೆ, ಆದರೆ ಸೆಟ್‌ಸ್ಟೇಟ್ ಬಂದಿಲ್ಲ. ಜೋಡಿ ಇದೆ ಅಂದುಕೊಂಡು ಸೂಪರ್‌ನಿಂದ (ಮೂಲ ಕ್ಲಾಸಿನಿಂದ) ಸೆಟ್‌ಸ್ಟೇಟ್ ಕರೆದರೆ ಎರರ್.

ಇಷ್ಟು ಮಾಡಿದರೆ ಪಿಕಲ್, ಕಾಪಿ, ಡೀಪ್‌ಕಾಪಿ ಮೂರೂ ಸುಮ್ನೆ ಕೆಲಸ ಮಾಡುತ್ತವೆ. ಮಾಮೂಲಿ ಕಾಪಿಯಲ್ಲಿ ಮೀನಿನ ಪಟ್ಟಿ ಹಳೆಯದ್ದೇ ಹಂಚಿಕೊಂಡಿರುತ್ತದೆ, ನೆನಪಿರಲಿ. ಹೊಸ ಟ್ರಿಪ್ಪಿಗೆ ಬಂಗುಡೆ ಸೇರಿಸಿದರೆ ಹಳೆಯದರಲ್ಲೂ ಬಂಗುಡೆ ಕಾಣುತ್ತದೆ.

ಆದರೆ ಕಾಪಿ ಮಾಡಿದಾಗಲೆಲ್ಲ ಡೇಟಾಬೇಸ್ ಹೊಸದಾಗಿ ತೆರೆಯುವುದು ನಿಮಗೆ ಬೇಡವಿರಬಹುದು. ಫೈಲಿಗೆ ಬರೆಯುವಾಗ ಕನೆಕ್ಷನ್ ಬಿಡಬೇಕು, ಕಾಪಿಯಲ್ಲಿ ಮಾತ್ರ ಅದೇ ಕನೆಕ್ಷನ್ ಇರಬೇಕು ಎಂದಾದರೆ ಡೀಪ್‌ಕಾಪಿ ಡಂಡರನ್ನು ನೀವೇ ಬರೆಯಿರಿ. ಅದಕ್ಕೆ ‘ಮೆಮೊ’ ಎಂಬ ಡಿಕ್ಟ್ ಸಿಗುತ್ತದೆ, ಯಾವುದರ ಪ್ರತಿ ಆಗಲೇ ಆಗಿದೆ ಎಂಬ ಲೆಕ್ಕ ಅದರಲ್ಲಿ. ‘ನ್ಯೂ’ ಡಂಡರ್ ಮೂಲಕ ಖಾಲಿ ಆಬ್ಜೆಕ್ಟ್ ಮಾಡಿದ ಕೂಡಲೇ, ಹಳೆಯದರ ಐಡಿಯ (ಗುರುತಿನ ಸಂಖ್ಯೆಯ) ಎದುರು ಅದನ್ನು ಮೆಮೊಗೆ ಬರೆಯಿರಿ. ಆಮೇಲೆ ಕನೆಕ್ಷನ್ ಹಾಗೇ ದಾಟಿಸಿ, ಲಾಕ್ ಹೊಸದು ಕೊಡಿ, ಉಳಿದದ್ದನ್ನು ಅದೇ ಮೆಮೊ ಕೊಟ್ಟು ಡೀಪ್‌ಕಾಪಿ ಮಾಡಿ. ಟ್ರಿಪ್ಪಿನೊಳಗೆ ಬೋಟ್, ಬೋಟಿನೊಳಗೆ ಅದೇ ಟ್ರಿಪ್ಪಿನ ಪಟ್ಟಿ ಇದ್ದರೆ, ಮೆಮೊ ದಾಟಿಸಲು ಮರೆತ ದಿನ ಒಂದನ್ನೊಂದು ಕರೆಯುತ್ತಲೇ ಹೋಗಿ ರಿಕರ್ಷನ್ ಎರರ್ ಗ್ಯಾರಂಟಿ.

ಕಾಪಿರೆಗ್ ಬೇಕಾಗುವುದು ಬೇರೆಯವರ ಲೈಬ್ರರಿಯ ಕ್ಲಾಸಿಗೆ, ಅಂದರೆ ನಾವು ಕೈ ಹಾಕಲಾಗದ ಕಡೆ. ‘ರೆಡ್ಯೂಸ್’ ಅನ್ನು ನೇರವಾಗಿ ಬರೆಯುವ ಅಗತ್ಯ ನನಗೆ ಬಂದದ್ದೇ ಕಡಿಮೆ. ಪಿಕಲ್ ಫೈಲಿನೊಳಗೆ ಕ್ಲಾಸಿನ ಕೋಡ್ ಇರುವುದಿಲ್ಲ, ಮಾಡ್ಯೂಲಿನ ಮತ್ತು ಕ್ಲಾಸಿನ ಹೆಸರು ಮಾತ್ರ ಇರುತ್ತದೆ. ಟ್ರಿಪ್ ಕ್ಲಾಸಿನ ಹೆಸರು ಬದಲಿಸಿದರೆ ಕಳೆದ ವರ್ಷದ ಫೈಲ್ ತೆರೆಯುವುದಿಲ್ಲ. ಮತ್ತೆ, ಗುರುತಿಲ್ಲದವರು ವಾಟ್ಸಾಪ್‌ನಲ್ಲಿ ಕಳಿಸಿದ ಪಿಕಲ್ ಫೈಲ್ ತೆರೆಯಲೇಬೇಡಿ. ತೆರೆಯುವಾಗಲೇ ಅದು ಯಾವ ಕೋಡನ್ನೂ ಓಡಿಸಬಹುದು.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಲೆಕ್ಕದ ವಿಷಯ. ಹೊಸ ಟ್ರಿಪ್ಪಿಗೆ ಹಳೆಯ ಮೀನಿನ ಪಟ್ಟಿ ಬೇಕೇ ಇಲ್ಲ, ಅಲ್ವಾ? ನಾನಾದರೆ ಡೀಸೆಲ್ ಮತ್ತು ಐಸಿನ ದರ ಮಾತ್ರ ಎತ್ತಿಕೊಂಡು ಖಾಲಿ ಟ್ರಿಪ್ ಕೊಡುವ ಒಂದು ಸಣ್ಣ ಮೆಥಡ್ ಬರೆಯುತ್ತೇನೆ. ಕನೆಕ್ಷನ್ನನ್ನು ಕ್ಲಾಸಿನಿಂದ ಹೊರಗೆ ಇಡುತ್ತೇನೆ. ಜೂನ್ 1ರಿಂದ ಜುಲೈ 31ರ ತನಕ, ಮೀನುಗಾರಿಕೆ ನಿಷೇಧದ 61 ದಿನ ಬೋಟು ಹೇಗೂ ದಡದಲ್ಲೇ ಇರುತ್ತದೆ. ಆ ಹೊತ್ತಿಗೆ ಈ ರಿಪೇರಿ ಇಟ್ಟುಕೊಳ್ಳಿ.