ರಾಡ್ ಹಾಕಿದ ಮೇಲೆ ಬೆನ್ನುಮೂಳೆಯೊಳಗೆ ನಡೆಯುವುದೇನು?

ಚನ್ನಗಿರಿ, ಹೊಳಲ್ಕೆರೆ ಸೀಮೆಯಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಸುದ್ದಿ ಅಪರೂಪವಲ್ಲ. ಎತ್ತರದಿಂದ ಬಿದ್ದು ಹಿಮ್ಮಡಿಯೋ ಕುಂಡೆಯೋ ನೆಲಕ್ಕೆ ಅಪ್ಪಳಿಸಿದಾಗ ಪೆಟ್ಟು ಬೆನ್ನುಮೂಳೆಗುಂಟ ಮೇಲೇರಿ, ಪಕ್ಕೆಲುಬುಗಳಿಂದ ಬಿಗಿಯಾಗಿರುವ 12 ಕಶೇರುಗಳು (ಬೆನ್ನುಮೂಳೆಯ ಬಿಡಿ ಮಣಿಗಳು) ಮುಗಿದು ಸಲೀಸಾಗಿ ಬಾಗುವ ಸೊಂಟದ 5 ಕಶೇರುಗಳು ಶುರುವಾಗುವ ಜಾಗದಲ್ಲಿ ಒಟ್ಟಾಗುತ್ತದೆ. ಸೊಂಟದ ಮೊದಲನೆಯ ಕಶೇರು ಹೆಚ್ಚಾಗಿ ಒಡೆಯುವುದು ಇದರಿಂದಲೇ. ಮಿದುಳುಬಳ್ಳಿ ಮುಗಿದು ನರಗಳ ಗೊಂಚಲು ಇಳಿಯುವುದೂ ಸರಿಸುಮಾರು ಅಲ್ಲಿಂದಲೇ ಆದ್ದರಿಂದ, ಒಡೆದ ಚೂರು ಹಿಂದಕ್ಕೆ ಸರಿದರೆ ಕಾಲಿನ ಬಲಕ್ಕೂ ಮೂತ್ರದ ಹಿಡಿತಕ್ಕೂ ಕುತ್ತು.

ಶಸ್ತ್ರಚಿಕಿತ್ಸೆಯಲ್ಲಿ ಮುರಿದ ಕಶೇರುವಿನ ಮೇಲಿನ, ಕೆಳಗಿನ ಕಶೇರುಗಳಿಗೆ ಟೈಟಾನಿಯಂ ಸ್ಕ್ರೂ ಕೂರಿಸಿ ಎರಡು ರಾಡುಗಳಿಂದ ಜೋಡಿಸುತ್ತಾರೆ. ರಾಡ್ ಹಾಕಿದ ಮೇಲೆ ಇನ್ನೇನು ಚಿಂತೆ ಎಂದು ಮನೆಯವರು ನಿಟ್ಟುಸಿರು ಬಿಡುವುದು ಸಹಜ, ಆದರೆ ಆ ಲೋಹ ಮೂಳೆ ಕೂಡುವ ತನಕದ ಆಸರೆ ಮಾತ್ರ. ಮತ್ತೆ ಮತ್ತೆ ಬಗ್ಗಿಸಿದ ತಂತಿ ಒಂದು ದಿನ ತುಂಡಾಗುವಂತೆ, ಮೂಳೆ ಕೂಡದೇ ಉಳಿದರೆ ಸ್ಕ್ರೂ ಸಡಿಲಗೊಳ್ಳಬಹುದು, ರಾಡೂ ಮುರಿಯಬಹುದು. ಮುರಿದ ಜಾಗದಲ್ಲಿ ಹೆಪ್ಪುಗಟ್ಟಿದ ರಕ್ತದೊಳಕ್ಕೆ ಹೊಸ ರಕ್ತನಾಳಗಳು ಬೆಳೆದು, ಮೆತ್ತನೆಯ ಅಂಗಾಂಶ ಹೆಣೆದುಕೊಂಡು, ಅದಕ್ಕೆ ಕ್ಯಾಲ್ಸಿಯಂ ಕೂಡಿ ಗಟ್ಟಿಯಾಗಲು ಸುಮಾರು 3 ತಿಂಗಳು ಬೇಕು. ಕಸಿಮೂಳೆ ಇಟ್ಟು ಕಶೇರುಗಳನ್ನು ಬೆಸೆದಿದ್ದರೆ 6ರಿಂದ 12 ತಿಂಗಳು. ಈ ಅವಧಿಯಲ್ಲಿ ಬೀಡಿ ಸೇದುವುದು ನಿಜಕ್ಕೂ ದುಬಾರಿ: ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ, ಮೂಳೆ ಕಟ್ಟುವ ಕೋಶಗಳ ಕೆಲಸವನ್ನೇ ಹಿಂದಕ್ಕೆ ತಳ್ಳುತ್ತದೆ.

ಹಾಗೆಂದು ತಿಂಗಳುಗಟ್ಟಲೆ ಅಲುಗಾಡದೆ ಮಲಗಿಸುವುದು ತಪ್ಪು. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ ಎಂದು ಜರ್ಮನಿಯ ವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ವಿವರಿಸಿದ್ದರು. ಮಲಗಿಯೇ ಇದ್ದರೆ ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಆದ್ದರಿಂದಲೇ ನರಗಳಿಗೆ ಪೆಟ್ಟಾಗಿರದಿದ್ದರೆ ಒಂದೆರಡು ದಿನಗಳಲ್ಲೇ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ.

ಏಳುವ ಕ್ರಮ ಮಾತ್ರ ಬೇರೆ. ಮಂಡಿ ಮಡಚಿ, ಭುಜ ಮತ್ತು ಸೊಂಟ ಒಟ್ಟಿಗೆ ತಿರುಗುವಂತೆ ಒಂದು ಮಗ್ಗುಲಾಗಿ, ಕಾಲುಗಳನ್ನು ಮಂಚದಿಂದ ಇಳಿಬಿಡುತ್ತಲೇ ಕೈಯೂರಿ ಮೇಲೇಳಬೇಕು. ಅಂಗಾತ ಮಲಗಿದಲ್ಲಿಂದ ನೇರವಾಗಿ ಎದ್ದು ಕೂರುವಾಗ ಬೆನ್ನು ಬಾಗಿ, ಒಡೆದ ಕಶೇರುವಿನ ಮುಂಭಾಗ ಅದುಮಿಕೊಳ್ಳುತ್ತದೆ. ನೆಲದಲ್ಲಿ ಚಕ್ಕಂಬಕ್ಕಲ ಹಾಕಿ ಊಟಕ್ಕೆ ಕೂರುವುದೂ ಕುಕ್ಕರಗಾಲಿನ ಶೌಚವೂ ಬೇಡವೆನ್ನುವುದು ಇದೇ ಕಾರಣಕ್ಕೆ. ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿಯನ್ನು ಕೆಲವು ತಿಂಗಳ ಮಟ್ಟಿಗೆ ಶೌಚಾಲಯದಲ್ಲಿ ಇಟ್ಟುಕೊಂಡರೆ ಸಾಕು.

ನಂಜಾಗುತ್ತದೆಂದು ಬೇಳೆ, ಮೊಟ್ಟೆ ಬಿಡಿಸುವ ಹಿರಿಯರೊಡನೆ ವಾದ ಕಷ್ಟ, ಆದರೂ ಮಾಡಲೇಬೇಕು. ಹೊಸ ಮೂಳೆಯ ಹಂದರ ಪ್ರೋಟೀನಿನದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಮುದ್ದೆಯ ಊರಿನವರಿಗೆ ಅದರ ಕೊರತೆಯಿಲ್ಲ.

ಬೆನ್ನಿಗೆ ಆಸರೆಯಾಗಿ ಕೊಡುವ ಬೆಲ್ಟನ್ನು ವೈದ್ಯರು ಹೇಳಿದಷ್ಟು ಕಾಲ ಮಾತ್ರ ಕಟ್ಟಬೇಕು. ಆಮೇಲೆ ಬೆನ್ನನ್ನು ಹಿಡಿಯಬೇಕಾದದ್ದು ಫಿಜಿಯೋಥೆರಪಿಯಿಂದ ಬಲಗೊಂಡ ಹೊಟ್ಟೆ, ಬೆನ್ನಿನ ಸ್ನಾಯುಗಳು. ಈ ನಡುವೆ ಗಾಯದಿಂದ ಕೀವು, ಜ್ವರ, ಒಂದೇ ಕಾಲಿನ ಮೀನಖಂಡದಲ್ಲಿ ಊತ, ತೊಡೆಸಂದಿಯಲ್ಲಿ ಮರಗಟ್ಟುವಿಕೆ, ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು ಕಂಡರೆ ಮುಂದಿನ ಎಕ್ಸ್‌ರೇ ದಿನಕ್ಕೆ ಕಾಯುವಂತಿಲ್ಲ, ರಾತ್ರಿಯಾಗಿದ್ದರೂ ಕೂಡಲೇ ಆಸ್ಪತ್ರೆಗೆ ಹೊರಡಬೇಕು.